ಉಗುರುಬಣ್ಣ

ವರ್ಕೆತಿಲಿಯ ಒಂಬತ್ತನೇ ಮಹಡಿ ನಮ್ಮದು.
ಲಿಫ್ಟಿಗೆ ನಾಣ್ಯ ತಿನ್ನಿಸಬೇಕು, ಇಲ್ಲದಿದ್ದರೆ ಅಲುಗದು.
ಅಡುಗೆಮನೆಯ ಕಿಟಕಿಗೆ ಒತ್ತಿ ಒಂದು ಮೇಜು, ದೀಪ, ಎರಡು ಕುರ್ಚಿ:
ಇಷ್ಟೇ ನನ್ನ ಅಂಗಡಿ.
ಮದುವೆ ಗೊತ್ತಾದವರು, ಬ್ಯಾಂಕಿನ ಹುಡುಗಿಯರು, ಪಿಯಾನೋ ಕಲಿಸುವ ಮೇಡಂ
ಕೈ ಚಾಚಿ ಕೂರುತ್ತಾರೆ, ಕಣಿ ಕೇಳಬಂದವರ ಹಾಗೆ.
ನಾನು ಉಗುರು ಮಾತ್ರ ನೋಡುತ್ತೇನೆ.

ಆ ಚಳಿಗಾಲ ಬಣ್ಣದ ಸೀಸೆಗಳು ಕಾಣೆಯಾಗತೊಡಗಿದವು.
ಮೊದಲು ದಾಳಿಂಬೆ ಕೆಂಪು.
ಆಮೇಲೆ ನೀಲಿ. ಆಮೇಲೆ ಯಾರೂ ಕೇಳದ ಆ ಹಸಿರು.
ಪಿಯಾನೋ ಮೇಡಂ ಮೇಲೆ ಗುಮಾನಿ ಪಟ್ಟೆ,
ದೇವರು ಕ್ಷಮಿಸಲಿ.

ಸಿಕ್ಕಿದ್ದು ನುಕ್ರಿಯ ಕೋಣೆಯಲ್ಲಿ, ರೇಡಿಯೇಟರಿನ ಹಿಂದೆ,
ಚಹಾದ ಡಬ್ಬಿಯೊಳಗೆ:
ನಾಲ್ಕು ಸಿರಿಂಜು.
ಬಾಲಕ್ಕೆ ಒಂದೊಂದು ಚುಕ್ಕೆ.
ಕೆಂಪು, ನೀಲಿ, ಹಸಿರು.
ನಾಲ್ಕನೆಯದು ಬೋಳು.

ಮೂವತ್ತೊಂದು ವರ್ಷದ ಮಗನಿಗೆ ಹೊಡೆಯಲು ಕೈ ಎತ್ತಿದೆ.
ಎತ್ತಿದ ಕೈ ಎಲ್ಲಿಡಬೇಕೆಂದು ತಿಳಿಯದೆ
ಕಿಟಕಿಯ ಪರದೆ ಸರಿಸಿದೆ.
“ಕೆಂಪು ನನ್ನದು,” ಅಂದ, ಗೋಡೆಗೆ.
“ನೀಲಿ ಬದ್ರಿಯದು. ಹಸಿರು ತ್ಸಿಯಾಲಾಳದು.
ಅದಲುಬದಲಾಗಬಾರದಲ್ಲ.”
“ಬೋಳು?”
“ಜುಂಬೆರ್‌ಗೆ ಇದೆಲ್ಲ ನಗೆಚಾಟಿಕೆ.
ಒಡಹುಟ್ಟಿದವರ ನಡುವೆ ಗುರುತೇನು ಅನ್ನುತ್ತಾನೆ.”

ನಮ್ಮ ನಾಡೇ ಹಾಗೆ.
ದ್ರಾಕ್ಷಾರಸ ಒಂದೇ ಕೊಂಬಿನಲ್ಲಿ ಪಂಕ್ತಿ ಸುತ್ತುತ್ತದೆ,
ಅಂಚು ಒರೆಸಿ ಕುಡಿದವನು ನೆಂಟನಲ್ಲ.
ಎಂಜಲೇ ಇಲ್ಲಿ ಆಣೆ.

ಗುರುವಾರ ಮ್ಜಿಯಾ ಬಂದಳು, ಬೆನ್ನಿಗೆ ಚೀಲ,
ಕೈಯಲ್ಲಿ ಚಿಲ್ಲರೆಯಿಲ್ಲದೆ ಒಂಬತ್ತೂ ಮಹಡಿ ಹತ್ತಿ.
ಬೇಸಿಗೆಯಲ್ಲೂ ಅವಳ ಅಂಗಿಗೆ ತುಂಬುತೋಳು;
ಯಾಕೆಂದು ನಾನು ಕೇಳಲಿಲ್ಲ.
ಮೇಜಿನ ಮೇಲೆ ಹರವಿದಳು:
ಮೊಹರು ಒಡೆಯದ ಸೂಜಿ, ಬೆರಳುದ್ದದ ನೀರಿನ ಕೊಳವೆ,
ಗೊಂಬೆಯಾಟದ ಬಟ್ಟಲಿನಂಥ ತಗಡಿನ ಬಟ್ಟಲು, ಹತ್ತಿ.
“ಬಣ್ಣ ಹಚ್ಚಿದ್ದು ಜಾಣತನ,” ಅಂದಳು ನುಕ್ರಿಗೆ,
“ಚಮಚಕ್ಕೆ ಯಾರ ಬಣ್ಣ ಹಚ್ಚಿದೆ?
ನೀರಿಗೆ? ಹತ್ತಿಗೆ?
ನಾಲ್ಕು ಸೂಜಿ ಒಂದೇ ಬಟ್ಟಲಿಗೆ ಬಾಯಿಟ್ಟರೆ
ನಾಲ್ಕೂ ಒಂದೇ.”

ಇನ್ನೂ ಸೂಜಿ ಕೊಡುತ್ತೀಯಲ್ಲೇ ಪುಣ್ಯಾತಗಿತ್ತಿ,
ಎಂದು ಬಾಯಿ ತೆರೆದೆ.
ಕಣ್ಣಿಗೆ ಬಿದ್ದದ್ದು ನನ್ನದೇ ಗಾಜಿನ ಜಾಡಿ,
ನೀಲಿ ಔಷಧಿಯಲ್ಲಿ ಮುಳುಗಿದ ನನ್ನವೇ ಕತ್ತರಿಗಳು.
ಇಪ್ಪತ್ತೆರಡು ವರ್ಷ.
ಒಬ್ಬಳಿಗೆ ಮುಟ್ಟಿಸಿದ್ದನ್ನು ಅದ್ದದೆ
ಇನ್ನೊಬ್ಬಳಿಗೆ ಮುಟ್ಟಿಸಿದವಳಲ್ಲ ನಾನು.
ಉಗುರಿನ ಬುಡ ಕೂದಲೆಳೆಯಷ್ಟು ಹರಿದರೆ ಸಾಕು,
ಕಣ್ಣಿಗೆ ಕಾಣದ್ದು ದಾಟುತ್ತದೆ. ಬಲ್ಲೆ.
ಒಳ್ಳೆಯವಳೋ ಅಲ್ಲವೋ ಎಂದು ವಿಚಾರಿಸಿಕೊಂಡು
ಯಾವತ್ತಾದರೂ ಕತ್ತರಿ ತೊಳೆದದ್ದುಂಟೇ?

ಬಾಯಿ ಮುಚ್ಚಿದೆ. ದೀಪ ಹತ್ತಿಸಿದೆ.
ನನ್ನ ಗಿರಾಕಿಗಳ ಕುರ್ಚಿಯಲ್ಲಿ ನುಕ್ರಿ ಕೂತ.
ಅವನ ಕೈ ನನ್ನದೇ ಕೈ:
ಅಗಲ ಉಗುರು, ಸೊಟ್ಟ ಕಿರುಬೆರಳು.
ಮ್ಜಿಯಾ ಬೆರಳ ತುದಿ ಚುಚ್ಚಿದಳು.
ಕಾಲು ಗಂಟೆ ಕಾದೆವು. ಚಹಾ ಆರಿತು.
ಒಂದು ಗೆರೆ ಮೂಡಿತು.
ಇನ್ನೊಂದು ಗೆರೆ ಮೆಲ್ಲಗೆ,
ನಾಚಿಕೆಯ ಹುಡುಗಿ ಬಾಗಿಲಿಗೆ ಬಂದ ಹಾಗೆ.

ಬಣ್ಣ ತಡವಾಗಿತ್ತು.
“ಇದಕ್ಕೆ ಮಾತ್ರೆ ಇದೆ,” ಅಂದಳು ಮ್ಜಿಯಾ. “ಮೂರು ತಿಂಗಳು.
ಆಮೇಲೆ ಮತ್ತೆ ಅಂಟದ ಹಾಗೆ ನೋಡಿಕೋ.”
ಯಾರೂ ಅಳಲಿಲ್ಲ. ಅವಳ ಕೈಗೆ ನಾಲ್ಕು ನಾಣ್ಯ ತುರುಕಿದೆ:
ಇಳಿಯಲೊಂದು, ಮುಂದಿನ ವಾರ ಹತ್ತಲೊಂದು,
ಉಳಿದೆರಡು ಯಾಕೋ.

ಈಗ ಉಪ್ಪಿನಕಾಯಿ ಜಾಡಿ ತುಂಬಿದಾಗ
ಬಳಸಿದ ಸೂಜಿ ಕೆಳಗೊಯ್ಯುವವಳು ನಾನೇ.
ಪೊಲೀಸರು ಮಗನ ಜೇಬು ತಡಕುತ್ತಾರೆ,
ಮುದುಕಿಯ ಕೈಚೀಲ ಯಾರಿಗೆ ಬೇಕು.
ಸುರಿಯುವ ಮುನ್ನ ಎಣಿಸುತ್ತೇನೆ:
ಕೆಂಪು, ಕೆಂಪು, ನೀಲಿ, ಹಸಿರು.
ಬೋಳು ಒಂದೂ ಬಂದಿಲ್ಲ.
ಜುಂಬೆರನ ಕಣ್ಣು ಹಳದಿಯಾಗಿದೆಯಂತೆ;
ಮೇಲೆ ಬಾ ಅಂದರೆ ಲಿಫ್ಟು ಕೆಟ್ಟಿದೆ ಅನ್ನುತ್ತಾನಂತೆ.
ಅವನಿಗೆಂದು ಒಂದು ನೇರಳೆ ತೆಗೆದಿಟ್ಟಿದ್ದೇನೆ.
ಮುಚ್ಚಳ ತೆರೆದಿಲ್ಲ, ಒಣಗಿಬಿಟ್ಟೀತು.

ಮೊನ್ನೆ ಲಿಫ್ಟಿನಲ್ಲಿ ಪಿಯಾನೋ ಮೇಡಂ.
ಐದನೇ ಮಹಡಿ ದಾಟುವಾಗ ಅದು ಕುಲುಕಿತು,
ಚೀಲ ಕಿಲಕಿಲ ಅಂದಿತು.
“ಏನದು, ಎಥೇರಿ?”
“ಬಣ್ಣ,” ಅಂದೆ.